ಟೇಪ್ ಡ್ರೈವ್ ತಗೊಳ್ಳೋ ಮುಂಚೆ ಸರ್ವರ್ ಸ್ಪೀಡ್ ಅಳೀರಿ
ಬ್ಯಾಕಪ್‌ಗೆ ಎಲ್‌ಟಿಒ ಡ್ರೈವ್ (ಕ್ಯಾಸೆಟ್ ಥರದ ಮ್ಯಾಗ್ನೆಟಿಕ್ ಟೇಪಲ್ಲಿ ಡೇಟಾ ಬರೆಯೋ ಸಾಧನ) ನೋಡ್ತಿರೋರು ಮೊದ್ಲು ಎಷ್ಟು ಟಿಬಿ ಹಿಡಿಯತ್ತೆ ಅಂತ ನೋಡ್ಬೇಡಿ, ನಿಮ್ ಸರ್ವರ್ ಒಂದೇ ಸಮನೆ ಎಷ್ಟು ಸ್ಪೀಡಲ್ಲಿ ಡೇಟಾ ಕೊಡತ್ತೆ ಅಂತ ಅಳೆದು ಅದಕ್ಕೆ ಹೊಂದೋ ಜನರೇಷನ್ (ಎಲ್‌ಟಿಒ-6, 7, 8 ಅಂತ ಹೆಸರಲ್ಲಿರೋ ನಂಬರ್) ತಗೊಳ್ಳಿ. ಯಾಕಂದ್ರೆ ಟೇಪ್ ಓಡ್ತಾನೇ ಇರ್ಬೇಕು, ಡ್ರೈವ್ ಸ್ವಲ್ಪ ಮಟ್ಟಿಗೆ ನಿಧಾನ ಆಗತ್ತೆ, ಅದಕ್ಕೂ ಡೇಟಾ ಸಾಲದೆ ಹೋದ್ರೆ ನಿಂತು, ಹಿಂದಕ್ಕೆ ಸುತ್ತಿ, ಮತ್ತೆ ಓಡತ್ತೆ, ಆ ಗರ್ ಗರ್ ಸದ್ದು ಪಕ್ಕದಲ್ಲಿ ನಿಂತ್ರೇ ಕೇಳ್ಸತ್ತೆ, ಇದ್ರಿಂದ ಟೇಪ್ ಓದಿ ಬರೆಯೋ ಹೆಡ್ಡೂ ಟೇಪೂ ಎರಡೂ ಸವೆಯತ್ತೆ. ಎಲ್‌ಟಿಒ-8 ಮಾಡೆಲ್ ನೋಡ್ಕೊಂಡು ಸೆಕೆಂಡಿಗೆ 300ರಿಂದ 360 ಎಂಬಿ ತನಕ ನುಂಗತ್ತೆ, 1 ಗಿಗಾಬಿಟ್ ನೆಟ್‌ವರ್ಕ್ ಕೊಡೋದು 110ರ ಆಸುಪಾಸು ಅಷ್ಟೇ, ಅಂಥ ಕಡೆ ಎಲ್‌ಟಿಒ-6 ಎಷ್ಟೋ ವಾಸಿ, ಇಲ್ಲಾಂದ್ರೆ ಮೊದ್ಲು ಲೋಕಲ್ ಎಸ್‌ಎಸ್‌ಡಿಗೆ ಬ್ಯಾಕಪ್ ಇಳಿಸಿ ಅಲ್ಲಿಂದ ಟೇಪ್‌ಗೆ ಬರೀರಿ. ಅಳೆಯೋವಾಗ ಒಂದು ದೊಡ್ಡ ಫೈಲ್ ಕಾಪಿ ಮಾಡಿ ಸಮಾಧಾನ ಪಡ್ಬೇಡಿ, ಲಕ್ಷಗಟ್ಲೆ ಸಣ್ಣ ಫೈಲ್ ಇರೋ ಫೋಲ್ಡರನ್ನೇ ಓದಿಸಿ ನೋಡಿ, ಸ್ಪೀಡ್ ಧೊಪ್ ಅಂತ ಬೀಳೋದು ಅಲ್ಲೇ. ಹಳೇ ಟೇಪ್ ಓದ್ಬೇಕಾದವ್ರಿಗೆ ಮಾತ್ರ ಈ ಲೆಕ್ಕ ನಡೆಯಲ್ಲ, ಎಲ್‌ಟಿಒ-7 ತನಕ ಎರಡು ತಲೆಮಾರು ಹಿಂದಿನ ಟೇಪ್ ಓದ್ತಿತ್ತು, ಎಲ್‌ಟಿಒ-8 ಬರೀ 7 ಮತ್ತೆ 8 ಅಷ್ಟೇ, ಹಾಗಾಗಿ ಎಲ್‌ಟಿಒ-6 ಟೇಪ್ ಕಪಾಟಲ್ಲಿದ್ರೆ ಸ್ಪೀಡ್ ಪಕ್ಕಕ್ಕಿಟ್ಟು ಅದನ್ನ ಓದೋ ಡ್ರೈವೇ ತಗೊಳ್ಳಿ. ಎಲ್‌ಟಿಒ-8 ಟೇಪ್ ಬಾಕ್ಸ್ ಮೇಲಿನ 30 ಟಿಬಿ ಕಂಪ್ರೆಷನ್ ಸೇರಿಸಿದ ಲೆಕ್ಕ, ನಿಜವಾಗಿ ಸಿಗೋದು 12, ವಿಡಿಯೋ, ಜಿಪ್ ಫೈಲ್ ಇದ್ರೆ 12ನ್ನೇ ನಂಬಿ. ಸೆಕೆಂಡ್ ಹ್ಯಾಂಡ್ ಆದ್ರೆ ಟೇಪ್‌ಅಲರ್ಟ್ ಲಾಗ್ (ಡ್ರೈವ್ ತನ್ನ ತೊಂದರೆಗಳ ಬಗ್ಗೆ ಕೊಡೋ ಎಚ್ಚರಿಕೆಗಳ ದಾಖಲೆ) ನೋಡ್ದೆ ದಯವಿಟ್ಟು ದುಡ್ಡು ಕೊಡ್ಬೇಡಿ.