ಅಡಿಕೆ ಹಾಳೆ ಎಳೆದು ಬಲ ಅಳೆಯುವುದು ಹೇಗೆ

ಕಾಸರಗೋಡು ಕಡೆಯ ಬದಿಯಡ್ಕದ ನಮ್ಮ ಜಗಲಿಗೆ ಸಂಜೆ ಪಾಠಕ್ಕೆ ಬರುವ ಮಕ್ಕಳದ್ದು ಒಂದೇ ತಪ್ಪು. ವಸ್ತುವಿನ ಮೇಲಿನ ಬಲಗಳನ್ನು ಬಾಣ ಹಾಕಿ ತೋರಿಸಲು ಹೇಳಿದರೆ, ಅದು ಮುಂದೆ ಹೋಗುತ್ತಿದ್ದರೆ ಸುಮ್ನೆ ಮುಂದಕ್ಕೊಂದು ಬಾಣ ಎಳೆದುಬಿಡುತ್ತಾರೆ. “ಇದು ಯಾರು ಕೊಟ್ಟ ಬಲ?” ಎಂದು ಕೇಳಿದರೆ, “ಹೋಗುವ ಬಲ ಟೀಚರೇ.” ಅಂಥದ್ದೊಂದು ಬಲವೇ ಇಲ್ಲ. ಇದನ್ನು ಬೋರ್ಡಿನಲ್ಲಿ ಹೇಳಿ ಸಾಕಾಗಿ, ಅವರನ್ನು ಅಂಗಳಕ್ಕೆ ಇಳಿಸಿದೆ.

ಸೋಗೆ ಸಮೇತ ಬಿದ್ದ ಒಣ ಅಡಿಕೆ ಹಾಳೆ ಹುಡುಕಿ. ಅದರ ಮೇಲೆ ಅಡಿಕೆ ಗೋಣಿ ಇಡಿ, ಎಲ್ಲಾ ಸೇರಿ 10 ಕಿಲೋ ಇರಲಿ. ಇನ್ನು ಬೇಕಾದದ್ದು ಕೊಕ್ಕೆಯ ತಕ್ಕಡಿ. ಗಲ್ಫಿಗೆ ಹೊರಟವರು ಲಗೇಜು ತೂಗುತ್ತಾರಲ್ಲ, ಅದೇ. ಮುಳ್ಳಿನದ್ದೇ ಒಳ್ಳೆಯದು, ಡಿಜಿಟಲ್‌ನಲ್ಲಿ ಎಷ್ಟೋ ಸಲ ಅಂಕಿ ಲಾಕ್ ಆಗಿಬಿಡುತ್ತದೆ.

ಸೋಗೆಯ ದಂಡಿಗೆ ಹಗ್ಗ ಕಟ್ಟಿ ಕೊಕ್ಕೆ ಸಿಕ್ಕಿಸಿ. ಬಗ್ಗಿ, ಹಗ್ಗ ನೆಲಕ್ಕೆ ಸಮನಾಗಿರುವ ಹಾಗೆ ಎಳೆಯಿರಿ. ನಿಂತುಕೊಂಡು ಎಳೆದರೆ ಗೋಣಿಯ ಸ್ವಲ್ಪ ಭಾರ ನೀವೇ ಎತ್ತಿದ ಹಾಗಾಗಿ ಲೆಕ್ಕ ಕೆಡುತ್ತದೆ. ಮುಳ್ಳು ಏರುತ್ತಾ ಹೋಗಿ, ಹಾಳೆ ಜಾರಿದ ಕೂಡಲೇ ಸ್ವಲ್ಪ ಇಳಿಯುತ್ತದೆ. ನಿಂತದ್ದನ್ನು ಹೊರಡಿಸಲು ಜಾಸ್ತಿ ಬಲ ಬೇಕು. ಒಂದೇ ವೇಗದಲ್ಲಿ ಎಳೆಯುವಾಗಿನ ಅಂಕಿ ಬರೆದುಕೊಳ್ಳಿ. ಸೆಗಣಿ ಸಾರಿಸಿದ ನಮ್ಮ ಅಂಗಳದಲ್ಲಿ 4 ಕಿಲೋ ಬಂತು. ಬಲದ ಅಳತೆ ನ್ಯೂಟನ್; ಒಂದು ಕಿಲೋವನ್ನು ಭೂಮಿ 9.8 ನ್ಯೂಟನ್ ಬಲದಿಂದ ಎಳೆಯುತ್ತದೆ. ಹಾಗಾಗಿ 9.8ರಿಂದ ಗುಣಿಸಿದರೆ ಸುಮಾರು 39 ನ್ಯೂಟನ್.

ಈಗ ಚಿತ್ರ. ಗೋಣಿ, ಹಾಳೆ ಸೇರಿಸಿ ಒಂದೇ ಚೌಕ ಬರೆಯಿರಿ. ಅದನ್ನು ಮುಟ್ಟಿರುವುದು ಯಾವುದು? ಹಗ್ಗ ಮತ್ತು ನೆಲ. ಹಗ್ಗ ಮುಂದಕ್ಕೆ 39 ಎಳೆಯುತ್ತದೆ. ನೆಲ ಮೇಲಕ್ಕೆ 98 (10 ಕಿಲೋ × 9.8) ತಳ್ಳುತ್ತದೆ, ಜೊತೆಗೆ ಹಿಂದಕ್ಕೆ ತಡೆಯುತ್ತದೆ. ಈ ತಡೆಯೇ ಘರ್ಷಣೆ. (ಪಕ್ಕದ ಮನೆಯ ಮಲಯಾಳ ಮಾಧ್ಯಮದ ಹುಡುಗಿಗೆ ಅದು ಘರ್ಷಣಂ. ಲೆಕ್ಕ ಒಂದೇ.) ಮುಟ್ಟದೆ ಎಳೆಯುವುದು ಭೂಮಿ ಮಾತ್ರ, ಕೆಳಕ್ಕೆ 98. ನಾಲ್ಕೇ ಬಾಣ. ಐದನೆಯದು ಬರೆದವರು ಅದನ್ನು ಕೊಟ್ಟವರು ಯಾರೆಂದು ಹೇಳಬೇಕು.

ಹಿಂದಕ್ಕೆ ಎಷ್ಟು? ವೇಗ ಬದಲಾಗುತ್ತಿಲ್ಲ, ಹಾಗಾಗಿ ಅದೂ 39. “ಹಾಗಾದರೆ ಹಾಳೆ ನಿಲ್ಲಬೇಕಲ್ವಾ?” ಎಂದು ಒಬ್ಬನಾದರೂ ಕೇಳುತ್ತಾನೆ. ಇಲ್ಲ. ನ್ಯೂಟನ್ 1687ರಲ್ಲಿ ಅಚ್ಚು ಹಾಕಿಸಿದ ಮೊದಲ ನಿಯಮ ಇದೇ: ಬಲಗಳು ಸರಿಸಮವಾದರೆ ನಿಂತದ್ದು ನಿಂತೇ ಇರುತ್ತದೆ, ಹೋಗುತ್ತಿದ್ದದ್ದು ಅದೇ ವೇಗದಲ್ಲಿ ನೇರ ಹೋಗುತ್ತದೆ.

ಮುಳ್ಳು 6 ಕಿಲೋ ತೋರಿಸುವಷ್ಟು ಎಳೆದು ನೋಡಿ. ಮುಂದಕ್ಕೆ 59, ಹಿಂದಕ್ಕೆ 39, ಉಳಿದದ್ದು 20. ಅದನ್ನು 10 ಕಿಲೋದಿಂದ ಭಾಗಿಸಿದರೆ 2. ಅಂದರೆ ಒಂದೊಂದು ಸೆಕೆಂಡ್ ಕಳೆದಾಗಲೂ ವೇಗ ಸೆಕೆಂಡಿಗೆ 2 ಮೀಟರ್‌ನಷ್ಟು ಏರುತ್ತದೆ. ಅಂಗಳ ಬೇಗ ಮುಗಿದುಹೋಗುತ್ತದೆ, ಜಾಗ್ರತೆ.

ಗೋಣಿಯ ಬದಲು ತಮ್ಮನನ್ನು ಕೂರಿಸುವುದಾದರೆ ಮೊದಲು ಕಲ್ಲು ಗುಡಿಸಿ. ಹಾಳೆ ತೆಳು.