ಗಾಜಿನ ಮೇಲೆ ಅಲುಗಾಡದ ಚುಕ್ಕೆ

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ತರಬೇತಿಗೆ ಹಾರುವವರು ಮೊದಲು ತಿಳಿಯಬೇಕಾದ್ದು ಇದು: ನಿಮಗೆ ಡಿಕ್ಕಿ ಹೊಡೆಯಲಿರುವ ವಿಮಾನ ಓಡುವಂತೆ ಕಾಣುವುದಿಲ್ಲ. ಇಬ್ಬರೂ ದಿಕ್ಕು, ವೇಗ ಬದಲಿಸದೆ ಒಂದೇ ಬಿಂದುವಿನತ್ತ ಸಾಗುತ್ತಿದ್ದರೆ, ಆ ವಿಮಾನ ಗಾಜಿನ ಒಂದೇ ಜಾಗಕ್ಕೆ ಅಂಟಿಕೊಂಡಿರುತ್ತದೆ. ಕಡೆಗಣ್ಣು ಎಚ್ಚರಗೊಳ್ಳುವುದು ಚಲನೆಗೆ, ನಿಂತದ್ದಕ್ಕಲ್ಲ. ಕಣ್ಣಿಗೆ ನಿಚ್ಚಳವಾಗಿ ಕಾಣುವ ಭಾಗವೂ ಸುಮಾರು 2 ಡಿಗ್ರಿ ಮಾತ್ರ, ಅಂದರೆ ತೋಳು ಚಾಚಿ ಹಿಡಿದ ಹೆಬ್ಬೆರಳಿನಗಲ.

ಸೆಸ್ನಾ 172 ಎಂಬ ಎರಡು ಪುಟ್ಟ ವಿಮಾನಗಳು ತಲಾ 100 ನಾಟ್ (ಗಂಟೆಗೆ ಸುಮಾರು 185 ಕಿ.ಮೀ.) ವೇಗದಲ್ಲಿ ಎದುರುಬದುರಾದರೆ ಸೆಕೆಂಡಿಗೆ ಸುಮಾರು 100 ಮೀಟರ್ ಅಂತರ ಕರಗುತ್ತದೆ. ಕಂಡು, ಗುರುತಿಸಿ, ವಿಮಾನ ತಿರುಗಲು 12.5 ಸೆಕೆಂಡ್ ಬೇಕೆಂಬುದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಲೆಕ್ಕ. ಅಂದರೆ 1.3 ಕಿ.ಮೀ. ದೂರದಲ್ಲೇ ಕಾಣಬೇಕು. ಅಲ್ಲಿ 11 ಮೀಟರ್ ಉದ್ದದ ರೆಕ್ಕೆ ತೋಳಿನಳತೆಯಲ್ಲಿ ಹಿಡಿದ ತೊಗರಿಬೇಳೆಯಷ್ಟು. ದೂರ ಅರ್ಧವಾದಾಗಲಷ್ಟೇ ಗಾತ್ರ ಇಮ್ಮಡಿಸುತ್ತದೆ. ದಿಢೀರನೆ ಹಿಗ್ಗುವುದು ಕೊನೆಯ ಎರಡು ಮೂರು ಸೆಕೆಂಡಿನಲ್ಲಿ.

ಹಾಗಾಗಿ ಆಕಾಶವನ್ನು ಗುಡಿಸಿದಂತೆ ನೋಡಬೇಡಿ. ಕಣ್ಣು ಹೊರಳುತ್ತಿರುವಾಗ ಏನೂ ಕಾಣುವುದಿಲ್ಲ. ಸುಮಾರು 10 ಡಿಗ್ರಿ, ಚಾಚಿದ ಮುಷ್ಟಿಯಗಲದ ತುಂಡು ಆರಿಸಿ, ಕನಿಷ್ಠ ಒಂದು ಸೆಕೆಂಡ್ ನಿಲ್ಲಿಸಿ, ಮುಂದಿನದಕ್ಕೆ ಹೋಗಿ. ಬೋಳು ಆಕಾಶ ಅಥವಾ ಮಬ್ಬಿನಲ್ಲಿ ಕಣ್ಣಿನ ನೋಟ ತಾನಾಗಿ ಒಂದೆರಡು ಮೀಟರಿಗೆ ಬಂದು ಕೂರುತ್ತದೆ. ಆಗಾಗ ಚಾಮುಂಡಿ ಬೆಟ್ಟದಂಥ ದೂರದ ಗುರುತನ್ನು ದಿಟ್ಟಿಸಿ, ಆಮೇಲೆ ಆಕಾಶ ನೋಡಿ. ಮಂಡ್ಯದ ಗದ್ದೆ, ಹೆಂಚು, ಕೆರೆಗಳ ಮೇಲೆ, ನಿಮಗಿಂತ ಕೆಳಗೆ ಹಾರುವ ವಿಮಾನ ಚಿತ್ತಾರದಲ್ಲೇ ಕರಗಿಹೋಗುತ್ತದೆ. ಅಲ್ಲಿ ಇನ್ನೂ ನಿಧಾನಿಸಿ.

ಗಾಜಿನ ಚೌಕಟ್ಟಿನ ಕಂಬ ಇಡೀ ವಿಮಾನವನ್ನೇ ನುಂಗಬಲ್ಲದು. ಕಣ್ಣಲ್ಲ, ತಲೆಯನ್ನೇ ಮುಂದಕ್ಕೆ, ಪಕ್ಕಕ್ಕೆ ಸರಿಸಿ. ಸೆಸ್ನಾದ ರೆಕ್ಕೆ ಮೇಲಿರುವುದರಿಂದ ತಿರುವಿನಲ್ಲಿ ಒಳಗಡೆಯ ನೋಟ ಮುಚ್ಚಿಹೋಗುತ್ತದೆ. ತಿರುಗುವ ಮುನ್ನ ಆ ಕಡೆಯ ರೆಕ್ಕೆ ಎತ್ತಿ ನೋಡಿ.

ಚುಕ್ಕೆ ಅಲುಗದೆ ದೊಡ್ಡದಾಗುತ್ತಿದ್ದರೆ ಕಾಯಬೇಡಿ. ನೇರ ಎದುರಿದ್ದರೆ ಇಬ್ಬರೂ ಬಲಕ್ಕೆ ತಿರುಗಬೇಕು.

ಹಾರುವ ಮುಂಚೆ ಗಾಜು ಒರೆಸುವುದೂ ಇದಕ್ಕೇ. ಅಪ್ಪಚ್ಚಿಯಾದ ಹುಳುವಿನ ಕಲೆಯೂ ಅಲುಗದ ಚುಕ್ಕೆಯೇ. ಅನುಮಾನ ಬಂದರೆ ತಲೆ ಪಕ್ಕಕ್ಕೆ ಸರಿಸಿ: ಕಲೆಯಾದರೆ ದೂರದ ದಿಗಂತದ ಮೇಲೆ ಜರುಗುತ್ತದೆ, ವಿಮಾನವಾದರೆ ಇದ್ದಲ್ಲೇ ಇರುತ್ತದೆ.