ಮಗುಚಿಟ್ಟ ತಟ್ಟೆಯ ಮೇಲೆ ಶಬ್ಬಾತ್ ಊಟ: ನನ್ನ ಅನುಭವ

ಜೆರುಸಲೇಮಿನಲ್ಲಿ ವೃದ್ಧರ ಆರೈಕೆಗೆಂದು ಬಂದಿರುವ ನಮ್ಮ ಕರಾವಳಿಯವರಿಗೆ ಪ್ಲಾಟಾ ಏನೆಂದು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ: ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ಶಬ್ಬಾತ್ ಎಂಬ ವಿಶ್ರಾಂತಿಯ ದಿನ ಯೆಹೂದಿಗಳು ಅಡುಗೆ ಮಾಡುವಂತಿಲ್ಲ, ಮೊದಲೇ ಬೇಯಿಸಿದ್ದನ್ನು ಬಿಸಿಯಾಗಿಡುವ ವಿದ್ಯುತ್ ಹಲಗೆಯೇ ಪ್ಲಾಟಾ. ನಾನು ನೋಡಿಕೊಳ್ಳುವ ಸಾವ್ತಾ (ಹೀಬ್ರೂವಿನಲ್ಲಿ ಅಜ್ಜಿ) ಅಶ್ಕೆನಾಜಿ, ಅಂದರೆ ಯುರೋಪ್ ಮೂಲದ ಯೆಹೂದಿ ಸಂಪ್ರದಾಯದವರು, ಆಚಾರದಲ್ಲಿ ಬಹಳ ಕಟ್ಟುನಿಟ್ಟು. ಅಡುಗೆ ನಾನೇ ಮಾಡಿದರೂ ಒಲೆ ಹೊತ್ತಿಸುವುದು ಅವರೇ.

ಮೊದಲ ಚಳಿಗಾಲದಲ್ಲಿ ಮೂರು ಸಲ ಚೋಲೆಂಟ್, ಅಂದರೆ ಮಾಂಸ, ಕಾಳು, ಬಾರ್ಲಿ ಹಾಕಿ ರಾತ್ರಿಯಿಡೀ ಬಿಸಿಯಲ್ಲಿಡುವ ಶಬ್ಬಾತಿನ ಅಡುಗೆ, ತಳ ಹಿಡಿಯಿತು. ಇಲ್ಲಿ ಸೂರ್ಯಾಸ್ತಕ್ಕೆ 40 ನಿಮಿಷ ಮೊದಲೇ ದೀಪ ಹಚ್ಚುವ ರೂಢಿಯಿರುವುದರಿಂದ ಡಿಸೆಂಬರಿನಲ್ಲಿ ನಾಲ್ಕು ಗಂಟೆಯ ಹೊತ್ತಿಗೇ ಶಬ್ಬಾತ್ ಶುರುವಾಗುವ ಸೈರನ್ ಕೂಗುತ್ತದೆ. ಅಲ್ಲಿಂದ ಶನಿವಾರ ಮಧ್ಯಾಹ್ನದವರೆಗೆ ಸುಮಾರು 20 ಗಂಟೆ ಪಾತ್ರೆ ಬಿಸಿಯ ಮೇಲೆಯೇ ಇರಬೇಕು. ಒಂದು ಬೆಳಿಗ್ಗೆ ಸೀದ ವಾಸನೆ ಬಂದಾಗ ಗಾಬರಿಯಲ್ಲಿ ಒಂದು ಲೋಟ ನಲ್ಲಿನೀರು ಸುರಿದುಬಿಟ್ಟೆ. ಸಾವ್ತಾ ಬೈಯಲಿಲ್ಲ, ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬರೀ ಬ್ರೆಡ್ ತಿಂದರು. ಬಿಸಿ ಪಾತ್ರೆಗೆ ತಣ್ಣೀರು ಸುರಿದರೆ ಅದೂ ಬೇಯಿಸಿದಂತೆಯೇ, ತಮಗಾಗಿ ಯೆಹೂದಿಯಲ್ಲದವರು ಶಬ್ಬಾತಿನಂದು ಬೇಯಿಸಿದ್ದನ್ನೂ ಅವರು ಮುಟ್ಟುವಂತಿಲ್ಲವೆಂದು ನನಗೆ ಅಂದು ಅರ್ಥವಾಯಿತು. ಪ್ರತಿ ಸಲ ಮಾಂಸಕ್ಕೆ ಎಂಬತ್ತು ತೊಂಬತ್ತು ಶೇಕೆಲ್ ನೀರಿಗೆ ಹಾಕಿದಂತಾಯಿತು.

ಪಾತ್ರೆಯನ್ನು ಪ್ಲಾಟಾದ ನಡುವಿನಿಂದ ಅಂಚಿಗೆ ಸರಿಸಿ, ಮುಚ್ಚಳದಡಿ ಬೇಕಿಂಗ್ ಕಾಗದ ಹಾಸಿದ ಮೇಲೆ ಸೀಯುವುದು ನಿಂತಿತು. ನೀರಿನ ಅಳತೆಯನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ. ಊರಿನಿಂದ ತಂದ ಹುರುಳಿಯನ್ನು ಒಮ್ಮೆ ಬಾರ್ಲಿಯ ಬದಲು ಹಾಕಿ ನೋಡಿದೆ. ಶುಕ್ರವಾರವೇ ಪೂರ್ತಿ ಬೇಯಿಸಿಟ್ಟಿದ್ದ ಕಾಳು ಬೆಳಗಾಗುವಷ್ಟರಲ್ಲಿ ಬೆಣ್ಣೆಯಂತಾಗಿತ್ತು, ಆದರೆ ಸಾವ್ತಾಗೆ ಅದರ ವಾಸನೆ ಹಿಡಿಸಲಿಲ್ಲ.

ಪ್ರತಿ ವಾರವೂ ಚೋಲೆಂಟ್ ಜೀರ್ಣವಾಗದ ವಯಸ್ಸು ಅವರದು. ಫ್ರಿಜ್ಜಿನ ಕೋಳಿಯನ್ನು ಶಬ್ಬಾತಿನಂದು ಬಿಸಿ ಮಾಡಬಹುದೆಂದು ನಾನು ಹೇಳಿದಾಗ ಅವರ ಮಗ ಮೊದಲು ಒಪ್ಪಲೇ ಇಲ್ಲ. ಪೂರ್ತಿ ಬೆಂದ ಒಣ ಪದಾರ್ಥಕ್ಕೆ ಮತ್ತೆ ಬೇಯುವುದೆಂಬುದಿಲ್ಲ, ಆರಿದ ಸಾರಿಗೆ ಉಂಟು ಎಂಬುದು ಅವರದೇ ಶಾಸ್ತ್ರದ ಮಾತು. ಆದ್ದರಿಂದ ಶುಕ್ರವಾರವೇ ರಸವನ್ನೆಲ್ಲ ಬಸಿದು, ತುಂಡುಗಳಿಗೆ ಅಂಟಿದ ಗಟ್ಟಿ ಜಿಡ್ಡನ್ನೂ ಚಮಚದಿಂದ ಕೆರೆದು ತೆಗೆದೆ. ಶನಿವಾರ ಒಂಬತ್ತೂವರೆಗೆ, ಮೊದಲೇ ಪ್ಲಾಟಾದ ಮೇಲೆ ಮಗುಚಿಟ್ಟಿದ್ದ ಖಾಲಿ ಅಲ್ಯೂಮಿನಿಯಂ ತಟ್ಟೆಯ ಬೆನ್ನಿನ ಮೇಲೆ ಕೋಳಿಯನ್ನೂ ಅನ್ನವನ್ನೂ ಇಟ್ಟೆ. ನೇರ ಪ್ಲಾಟಾಕ್ಕೆ ತಾಗಿಸಲಿಲ್ಲ. ಅವರ ರಬ್ಬಿಯನ್ನು (ಧರ್ಮಗುರುವನ್ನು) ಮಗ ಮುಂಚೆಯೇ ಕೇಳಿಕೊಂಡಿದ್ದರು, ಅಡ್ಡಿಯಿಲ್ಲ ಎಂಬ ಉತ್ತರ ಸಿಕ್ಕಿತ್ತು.

ಹನ್ನೆರಡಕ್ಕೆ ಮಗ ಒಂದು ತುಂಡಿಗೆ ಬೆರಳು ತಾಗಿಸಿ ಥಟ್ಟನೆ ಕೈ ಹಿಂದೆಗೆದರು. ಕೈ ಹಿಂದೆಗೆಯುವಷ್ಟು ಬಿಸಿ ಎಂಬುದೇ ಅವರ ಶಾಸ್ತ್ರದಲ್ಲಿ ಬಿಸಿಯ ಅಳತೆ. ಸಾವ್ತಾ ಆ ದಿನ ಎರಡು ತುಂಡು ತಿಂದರು.